ಸೋರಿದ ಸುತ್ತು

ಗುಟ್ಟು ಮತ್ತೆ ಸೋರಿತ್ತು. ಟೈರ್ ಬದಲಿಸಲು ಮುಂದಿನ ಸುತ್ತಿಗೆ ಕಾರನ್ನು ಒಳಗೆ ಕರೆಯೋಣವೆಂದು ಚಾಣಕ್ಯ ಕನ್ನಡಕ ಒರೆಸಿ ಕಿವಿಗೆ ಸಿಕ್ಕಿಸುವಷ್ಟರಲ್ಲಿ ಎದುರಾಳಿಗಳ ಹಳದಿ ಕಾರು ಒಳಗೆ ನುಗ್ಗಿ, ಹೊಸ ಟೈರ್ ಹಾಕಿಸಿಕೊಂಡು ಹೊರಬಿದ್ದಿತ್ತು. ಒಂದು ಸುತ್ತು ಮೊದಲೇ ಹೊಸ ಟೈರ್ ಸಿಕ್ಕ ಕಾರು ವೇಗ ಹೆಚ್ಚಿಸಿಕೊಂಡು ಮುಂದೆ ಹೋಗಿಬಿಡುತ್ತದೆ. ಈ ವರ್ಷ ಇದು ಒಂಬತ್ತನೆಯ ಸಲ.

ಚಾಣಕ್ಯ ಎಂಬುದು ತಂಡದವರು ಇಟ್ಟ ಅಡ್ಡಹೆಸರು. ಯಾವ ಸುತ್ತಿನಲ್ಲಿ ಟೈರ್ ಬದಲಿಸಬೇಕೆಂದು ಹೇಳುವುದಷ್ಟೇ ಅವನ ಕೆಲಸ. ಅದಕ್ಕಾಗಿ ರೇಸಿನ ದಾರಿಯ ಪಕ್ಕದ ಕಟ್ಟೆಯ ಮೇಲೆ, ನಾಲ್ಕು ಪರದೆಗಳನ್ನು ಹರವಿಕೊಂಡು, ಟೀವಿ ಕ್ಯಾಮೆರಾಗಳ ಎದುರಿಗೇ ಕೂರುತ್ತಿದ್ದ. ಆ ಗಾಂಭೀರ್ಯವನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದ. ‘ಮುಖದಲ್ಲಿ ಒಂದು ಗೆರೆಯೂ ಅಲುಗದ ಮನುಷ್ಯ’ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಹೆಂಡತಿಗೆ ಮೂರು ಸಲ ಓದಿ ಹೇಳಿದ್ದ.

“ನಮ್ಮೊಳಗೇ ಯಾರೋ ಇದ್ದಾರೆ ಸಾರ್,” ಎಂದ ಮಾಲೀಕನಿಗೆ.

“ಹುಡುಕ್ರೀ. ಈ ವರ್ಷದ ಪಟ್ಟ ಹೋದ್ರೆ ನೀವೂ ಹೋಗ್ತೀರಿ.”

ಮೊದಲು ರೇಡಿಯೊದವನು ಮನೆಗೆ ಹೋದ. ಆಮೇಲೆ ಕಾಫಿ ಮಾಡುವಾಕೆ. ಲೋಟ ಇಡುವ ನೆಪದಲ್ಲಿ ಪರದೆ ಇಣುಕುತ್ತಾಳೆಂದು ಇವನ ಗುಮಾನಿ. ಕಾಫಿ ಹೋಯಿತು, ಸೋರಿಕೆ ಉಳಿಯಿತು. ಕೊನೆಗೆ ಕಣ್ಣು ಬಿದ್ದದ್ದು ಮುಂದಿನ ಎಡ ಚಕ್ರ ಬಿಚ್ಚುವ ಸ್ವಂತ ಭಾವಮೈದುನನ ಮೇಲೆ.

“ಭಾವ, ನನ್ನ ಮೇಲೇ ಅನುಮಾನಾನಾ? ಚಕ್ರ ಬಿಟ್ಟು ನಾನು ಬೇರೆ ಏನಾದ್ರೂ ನೋಡಿದೀನಾ?”

“ಸಂಬಂಧ ಮನೇಲಿ. ಇಲ್ಲಿ ರೇಸು.”

ಅವನ ಕೆಲಸವೂ ಹೋಯಿತು. ಅಂದಿನಿಂದ ಹೆಂಡತಿ ಮಾತು ಬಿಟ್ಟಳು. ತಟ್ಟೆ ಕುಕ್ಕಿದ ಸದ್ದು ಕೇಳಿದರೆ ಊಟಕ್ಕೆ ಕರೆದಳೆಂದು ಇವನೇ ತಿಳಿದುಕೊಳ್ಳಬೇಕಿತ್ತು.

ವರ್ಷದ ಕೊನೆಯ ರೇಸು ಬಂತು. ಎರಡೂ ತಂಡಗಳ ಅಂಕ ಸಮಸಮ. ಇಲ್ಲಿ ಮುಂದೆ ಬಂದವರಿಗೇ ಪಟ್ಟ. ಈ ಸಲ ಚಾಣಕ್ಯ ಕಾಗದದ ಮೇಲೆ ಏನೂ ಬರೆಯಲಿಲ್ಲ, ಯಾರಿಗೂ ಬಾಯಿ ಬಿಡಲಿಲ್ಲ. ಕಾರು ಓಡಿಸುವವನಿಗೂ ಹೇಳಲಿಲ್ಲ. ಮೂವತ್ತೊಂದನೆಯ ಸುತ್ತು ಎಂಬುದು ಅವನ ತಲೆಯೊಳಗೆ ಮಾತ್ರ ಇತ್ತು.

ಇಪ್ಪತ್ತೊಂಬತ್ತು ಮುಗಿಯಿತು. ಮುಖ ಎಂದಿನಂತೆ ಕಲ್ಲು. ಬೆವರಿಗೆ ಮಂಜಾದ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿಕೊಂಡು, ರೇಡಿಯೊ ಗುಂಡಿಯ ಮೇಲೆ ಬೆರಳಿಟ್ಟು ಕಾದ. ಮೂವತ್ತನೆಯ ಸುತ್ತಿನಲ್ಲಿ ಹಳದಿ ಕಾರು ಒಳಗೆ ಬಂತು. ಪಟ್ಟ ಕೈತಪ್ಪಿತು.

“ಈ ಸಲ ಯಾರ್ಯಾರಿಗೆ ಗೊತ್ತಿತ್ತು?” ಮಾಲೀಕ ಕೇಳಿದ.

“ಯಾರಿಗೂ ಇಲ್ಲ ಸಾರ್. ನನಗೊಬ್ಬನಿಗೇ.”

ಹೇಳಿದ ಮೇಲೆ ಆ ಮಾತಿನ ಅರ್ಥ ಅವನಿಗೆ ಹೊಳೆಯಿತು. ಮಾಲೀಕನಿಗೆ ಆಗಲೇ ಹೊಳೆದಿತ್ತು. ಇಬ್ಬರು ಮಕ್ಕಳ ತಂದೆ, ಹದಿನಾಲ್ಕು ವರ್ಷ ದುಡಿದವನು, ದ್ರೋಹಿ ಎನ್ನಿಸಿಕೊಂಡು ಗೇಟು ದಾಟಿದ. ನಾನಲ್ಲ, ನಾನಲ್ಲ ಎಂದು ಕಾವಲಿನವನಿಗೂ ಹೇಳಿದ.

ವಾರದ ಮೇಲೆ ಭಾವಮೈದುನ ಮನೆಗೆ ಬಂದ. ಮೈಮೇಲೆ ಹಳದಿ ಜಾಕೆಟ್ಟು.

“ಮೊನ್ನೆ ಸೇರ್ಕೊಂಡೆ ಭಾವ. ಅದೇ ಎಡ ಚಕ್ರ,” ಎಂದು ಒಂದು ಪುಟ್ಟ ಡಬ್ಬಿ ಮುಂದಿಟ್ಟ. “ಅಲ್ಲಿಯ ದೊಡ್ಡೋರು ನಿಮಗೇ ಅಂತ ಕೊಟ್ಟರು.”

ಡಬ್ಬಿಯಲ್ಲಿ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿತ್ತು, ಜೊತೆಗೊಂದು ಚೀಟಿ: ‘ಇಡೀ ವರ್ಷ ಟೀವಿಯಲ್ಲಿ ನಿಮ್ಮನ್ನೇ ನೋಡಿಕೊಂಡು ನಮ್ಮ ಕಾರು ಕರೆದೆವು, ಪಾಪ, ನಿಮ್ಮ ಅಂಗಿಯ ತುದಿ ಸವೆದಿರಬೇಕು.’