ಎಂಟು ಕ್ಯೂಬಿನ ಸಾರು

ಜಯಶೀಲೆಯ ಗಂಡ ದೊಡ್ಡ ಹೋಟೆಲೊಂದರಲ್ಲಿ ಹೆಡ್ ಕುಕ್. ಅವನು ಚಮಚ ಬಾಯಿಗಿಟ್ಟು ತಲೆಯಾಡಿಸದೆ ಅಲ್ಲಿ ಒಂದು ಬಟ್ಟಲು ಸೂಪೂ ಹೊರಗೆ ಹೋಗುವುದಿಲ್ಲ. ಅಂಥವನು ಎರಡು ವರ್ಷದಿಂದ ಮನೆಯ ತಟ್ಟೆಯ ಮುಂದೆ ಕೂತು ದಿನಾ ಒಂದೇ ಮಾತು ಹೇಳುತ್ತಿದ್ದ.

"ಸಪ್ಪೆ. ನಿನ್ನ ಕೈರುಚಿ ಹೊರಟೋಯ್ತು ಕಣೆ."

ಅವಳು ನಂಬಿದಳು. ತನಗೆ ಸರಿಯೆನಿಸಿದ್ದು ಅವನಿಗೆ ಸಪ್ಪೆಯಾದರೆ ಕೆಟ್ಟಿರುವುದು ತನ್ನ ನಾಲಿಗೆಯೇ ಇರಬೇಕು ಎಂದುಕೊಂಡಳು. ಬಾಡೂಟಕ್ಕೆ ಮಸಾಲೆ ಹದ ಮಾಡಿಕೊಡು ಎಂದು ನೆಂಟರು ಕರೆದರೂ ಹೋಗುವುದನ್ನು ಬಿಟ್ಟಳು. ಕೊನೆಗೆ ಸಾರಿಗೆ ಹಾಕಲು ಅಂಗಡಿಯಿಂದ ಚಿಕನ್ ಸೂಪಿನ ಕ್ಯೂಬ್, ಉಪ್ಪು ಮಸಾಲೆಯ ಗಟ್ಟಿ ತುಂಡುಗಳನ್ನು, ತಂದಳು. ಎರಡು ಲೋಟ ನೀರಿಗೆ ಒಂದು ಎಂದು ಪೊಟ್ಟಣದ ಮೇಲಿತ್ತು. ಒಂದು ಹಾಕಿದಳು, ಸಪ್ಪೆ. ಎರಡು ಹಾಕಿದಳು, ಸಪ್ಪೆ. ಕ್ಯೂಬ್ ಮುಗಿದ ದಿನ ಒಂದು ಕ್ಯೂಬಿಗೆ ಒಂದು ಚಮಚದಂತೆ ರವೆಯಂಥ ಸೂಪಿನ ಪುಡಿ ಸುರಿದಳು. ಅದೂ ಸಪ್ಪೆ.

ಈ ಭಾನುವಾರ ಅಷ್ಟೇ ನೀರಿಗೆ ಎಂಟು ಕ್ಯೂಬ್ ಹಾಕಿದಳು. ಮಗಳು ಮೊದಲ ತುತ್ತಿಗೇ ಉಗಿಯಲು ಬಚ್ಚಲಿಗೆ ಓಡಿದಳು. ಗಂಡ ಎರಡನೇ ಸಲ ಬಡಿಸಿಕೊಂಡು ಉಂಡು, ಬೆರಳು ನೆಕ್ಕಿದ.

"ಸಪ್ಪೆ."

"ಎಂಟು ಕ್ಯೂಬ್ ಹಾಕಿದೀನಿ ರೀ," ಅಂದಳು ಮೆಲ್ಲಗೆ. "ಬಾಯಿಗಿಡೋಕಾಗ್ದಷ್ಟು ಉಪ್ಪು. ನಿಮ್ಮ ನಾಲಿಗೇಗೇ ಏನೋ ಆಗಿದೆ. ಡಾಕ್ಟ್ರ ಹತ್ರ ಹೋಗೋಣ."

ಅವನು ಎದ್ದು ಬಾಗಿಲು ಮುಚ್ಚಿ ಬಂದು ಕೂತ.

"ಗೊತ್ತು ಕಣೆ. ಎರಡು ವರ್ಷದ ಹಿಂದೆ ಆ ಜ್ವರ ಬಂದು ಹೋದಾಗಿಂದ ರುಚಿ ಅನ್ನೋದೇ ಇಲ್ಲ. ಹೋಟ್ಲಲ್ಲಿ ಉಪ್ಪು ಖಾರ ಚಮಚ ಎಣಿಸಿ ಹಾಕಿ ಹೆಂಗೋ ತಳ್ತಿದೀನಿ. ನೀನು ಯಾರ ಹತ್ರಾನೂ ಬಾಯಿ ಬಿಡಬೇಡ."