ಚಪ್ಪೆ ಎಂದವರು ಯಾರು

ಒಂದೇ ಶಬ್ದ ಸಾಕಾಯಿತು. ಚಪ್ಪೆ.

"ಬೆಂಗ್ಳೂರಿನವ ಆರೆ ಸಪ್ಪೆ ಅಂದೇಳಿ ಬರೀತಿದ್ದ," ಎಂದ ಗಿಟಾರಿನ ಪ್ರೇಮಾನಂದ, ಫೋನಿನಲ್ಲಿದ್ದ ವಿಮರ್ಶೆಯನ್ನು ಉಮಾನಾಥನ ಮೂಗಿನ ಹತ್ತಿರ ಹಿಡಿದು. "ಚಪ್ಪೆ ಅಂಬುದ್ ನಮ್ ಬದಿಯರ್ ಮಾತ್ರ. ಇದ್ ಗುಡ್ಡಂದೇ ಕೆಲ್ಸ."

ಉಮಾನಾಥ ಕಾರಿನ ಕೀಲಿ ಎತ್ತಿಕೊಂಡ. "ಹಾಂಗಾರೆ ಹೋಯಿ ಕೇಂಬ."

ಕುಂದಾಪುರದ 'ಅಳಿವೆ' ರಾಕ್ ಬ್ಯಾಂಡಿಗೆ ನಲವತ್ತು ವರ್ಷ ಸಮೀಪಿಸಿತ್ತು. ಕಾಲೇಜಿನ ದಿನಗಳಿಂದ ಉಮಾನಾಥ ಹಾಡುತ್ತಿದ್ದ, ಗುಡ್ಡ ಡ್ರಮ್ಸ್ ಬಾರಿಸುತ್ತಿದ್ದ, ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಈ ವರ್ಷ ಪ್ರೇಮಾನಂದನಿಗೆ ಹೊಸಬರಾಗುವ ಹುಕಿ ಬಂತು. 'ಇಳಿತ' ಎಂಬ ಹೊಸ ಆಲ್ಬಮ್ಮಿನಲ್ಲಿ ಅಬ್ಬರ ಬೇಡ, ಡ್ರಮ್ಸೂ ಬೇಡ, ತಾಳಕ್ಕೆ ಲ್ಯಾಪ್‌ಟಾಪ್ ಸಾಕು ಎಂದ. ಗುಡ್ಡ ಜಗಳವಾಡಲಿಲ್ಲ. ರೆಕಾರ್ಡಿಂಗಿಗೆ ಮೊದಲೇ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು ಬೈಂದೂರಿನ ಕಡೆ, ಕೊಡೇರಿಯ ಮನೆಗೆ ಹೋದವನು ಯಾರ ಫೋನನ್ನೂ ಎತ್ತಲಿಲ್ಲ. ಪ್ರೇಮಾನಂದನೂ ಆ ದಾರಿ ತುಳಿಯಲಿಲ್ಲ.

ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಒಬ್ಬರು 'ಪ್ರಬುದ್ಧ' ಎಂದರು. ಕಲಾವಿದರ ನರೆತ ತಲೆ ನೋಡಿಯೇ ಆ ಶಬ್ದ ಹೊಳೆದಿರಬೇಕು. ಇನ್ನೊಬ್ಬರಿಗೆ 'ಮೌನದ ಒಳದನಿ' ಕೇಳಿಸಿತು. ಡ್ರಮ್ಸ್ ಇಲ್ಲದಿರುವುದೇ ಆಲ್ಬಮ್ಮಿನ ಭಾಗ್ಯ ಎಂದು ಎಲ್ಲರೂ ಬರೆದರು. ಪ್ರೇಮಾನಂದ ಎಲ್ಲವನ್ನೂ ಸ್ಟೇಟಸ್ಸಿಗೆ ಹಾಕಿದ.

ಉಮಾನಾಥನಿಗೆ ಅದನ್ನು ಓದಿ ಊಟ ಸೇರಲಿಲ್ಲ. ಅಭ್ಯಾಸ ಮಾಡುವಾಗ ಅವನು ಈಗಲೂ ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಲ್ಯಾಪ್‌ಟಾಪಿಗೆ ಕಣ್ಣು ಹೊಡೆಯಲು ಬರುತ್ತಿರಲಿಲ್ಲ. ಶನಿವಾರ ಬ್ರಹ್ಮಾವರದಲ್ಲಿ ಕಾರ್ಯಕ್ರಮವಿತ್ತು. ಅದಕ್ಕೂ ಬಾರದಿದ್ದರೆ ಗುಡ್ಡ ಇನ್ನೆಂದೂ ಬರುವವನಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಆಗ ಒಂದು ಜಾಲತಾಣದಲ್ಲಿ 'ಸಹೃದಯಿ' ಎಂಬ ಹೆಸರಿನಲ್ಲಿ ವಿಮರ್ಶೆ ಬಂತು. "ಉಪ್ಪಿಲ್ಲದ ಗಂಜಿಯಂತೆ ಚಪ್ಪೆ. ಗಾಯಕನಿಗೆ ವಯಸ್ಸಾಗಿದೆ. ಮೂರನೇ ಹಾಡನ್ನು ನಾಲ್ಕು ಸಲ ಹಾಡಿಸಿ, ಇದ್ದುದರಲ್ಲಿ ವಾಸಿಯಾದದ್ದನ್ನು ಅಂಟಿಸಿದ್ದಾರೆ. ಗುಡ್ಡನ ಡ್ರಮ್ಸ್ ಇಲ್ಲದ ಅಳಿವೆ ಬರೀ ಕೆಸರು."

ಇಬ್ಬರೂ ಕೊಡೇರಿ ತಲುಪಿದಾಗ ಗುಡ್ಡ ಅಂಗಳದಲ್ಲಿ ಕೂತು, ಒಣಗಲು ಹಾಕಿದ ಸಿಗಡಿಗೆ ಕಾಗೆ ಬಾರದಂತೆ ಕಾಯುತ್ತಿದ್ದ. ಬಂದವರನ್ನು ನೋಡಿ ಇನ್ನೊಂದು ಕುರ್ಚಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ.

ಪ್ರೇಮಾನಂದ ನಿಂತೇ ವಿಮರ್ಶೆ ಓದಿದ. ಕೊನೆಯ ಸಾಲಿಗೆ ಬಂದಾಗ ಗುಡ್ಡನ ಮೀಸೆ ಸ್ವಲ್ಪ ಅಲುಗಿತು.

"ಬರ್ದದ್ ನೀನೇ ಅಲ್ದಾ?"

"ಯಾರ್ ಬರೀಲಿ. ಬರ್ದವನ ಕೆಮಿ ಸಮ ಇತ್ತ್," ಎಂದ ಗುಡ್ಡ, ತನ್ನ ಕಿವಿ ಮುಟ್ಟಿ ತೋರಿಸುತ್ತ.

"ಕಂಡ್ಯಾ ಉಮಾನಾಥ? ಇವನೇ."

ಉಮಾನಾಥ ಗುಡ್ಡನ ಕಡೆಯೇ ನೋಡುತ್ತಿದ್ದ. "ಬಯ್ದದ್ ಎಲ್ಲಾ ನನ್ನ. ನಂಗಿಲ್ಲದ ಸಿಟ್ಟ್ ನಿಂಗೆಂತಕ್ಕೆ?" ಎಂದು ಪ್ರೇಮಾನಂದನಿಗೆ ಹೇಳಿ, ತನ್ನ ಫೋನಿನಲ್ಲಿ ಮೂರನೇ ಹಾಡು ಹಾಕಿದ. "ಗುಡ್ಡ, ಇದ್ರಲ್ಲ್ ಎಂತ ಕಮ್ಮಿ ಆಯ್ತ್ ಹೇಳ್ ಕಾಂಬ."

ಗುಡ್ಡ ಕೇಳಿಸಿಕೊಳ್ಳದವನಂತೆ ಕಾಗೆ ಓಡಿಸಿದ. ಆಮೇಲೆ ಅವನ ಬೆರಳು ತಾನು ಕೂತಿದ್ದ ಕುರ್ಚಿಯ ಕೈ ಮೇಲೆ ಮೆಲ್ಲನೆ ಬಡಿಯತೊಡಗಿತು. ಹಾಡು ಎದ್ದು ಕೂತಿತು. ಉಮಾನಾಥನ ದನಿ ಸೋಲುವಲ್ಲಿ ಬೆರಳು ಅದನ್ನು ಕೈಹಿಡಿದು ದಾಟಿಸಿತು. ಪ್ರೇಮಾನಂದನ ಪಾದ ಅವನ ಅಪ್ಪಣೆ ಕೇಳದೆ ತಾಳ ಹಾಕುತ್ತಿತ್ತು. ಹಾಡು ಮುಗಿಯುವಷ್ಟರಲ್ಲಿ ಪ್ರೇಮಾನಂದ ಗುಡ್ಡ ತಳ್ಳಿದ್ದ ಕುರ್ಚಿಯಲ್ಲಿ ಕೂತಿದ್ದ.

"ಶನಿವಾರ ಬಾ ಮಾರಾಯ," ಎಂದ ಪ್ರೇಮಾನಂದ, ಸಿಗಡಿಯನ್ನು ನೋಡುತ್ತ. "ಲ್ಯಾಪ್‌ಟಾಪ್ ಬ್ಯಾಡ."

ಗುಡ್ಡ ಎದ್ದು ಸಿಗಡಿಯನ್ನು ಒಮ್ಮೆ ಮಗುಚಿ ಹಾಕಿದ.

"ಬತ್ತೆ. ಬರ್ದದ್ ಯಾರ್ ಅಂದೇಳಿ ಮಾತ್ರ ಮತ್ತೆ ಕೇಣ್ಬೇಡಿ."

"ಕೇಣುದಿಲ್ಲೆ," ಎಂದ ಉಮಾನಾಥ, ತುಸು ಬೇಗನೆ.

ವಾಪಸು ಬರುವಾಗ ಪ್ರೇಮಾನಂದ ದಾರಿಯುದ್ದಕ್ಕೂ ಗುಡ್ಡನ ಕಳ್ಳತನ ಹಿಡಿದ ತನ್ನ ಚಾಲಾಕಿಯನ್ನು ತಾನೇ ಮೆಚ್ಚಿಕೊಂಡ. ಉಮಾನಾಥ ಹೌದು ಹೌದು ಎನ್ನುತ್ತ ಕಾರು ಓಡಿಸಿದ. ಅವನನ್ನು ಇಳಿಸಿ ಮನೆಗೆ ಬಂದಾಗ ಹೆಂಡತಿ ಶರ್ಮಿಳಾ ಬಾಗಿಲಲ್ಲೇ ನಿಂತಿದ್ದಳು.

"ಗುಡ್ಡಣ್ಣ ಎಂತ ಹೇಳ್ರ್?"

"ಬತ್ತ," ಎಂದ ಉಮಾನಾಥ. ಅವನ ಕಣ್ಣು ತುಂಬಿತ್ತು.

"ಸದ್ಯ," ಎಂದಳು ಶರ್ಮಿಳಾ. "ಹಾಂಗಾರೆ ನೀವ್ ನಿಮ್ಮನ್ನೇ ಬಯ್ಕಂಡ್ ಇನ್ನೊಂದ್ ವಿಮರ್ಶೆ ಬರಿಯುದ್ ಬ್ಯಾಡ."