ಜೊಂಡಿನ ಪೀಪಿ

ಹೊಲದಲ್ಲಿ ಕಾಳುಕಡ್ಡಿ ಬೆಳೆಯುವುದು ನಿಂತ ಮೇಲೆ, ಮಿಡತೆಯ ಜೊಲ್ಲಿನಿಂದ ತೆಗೆದ ಕಿಣ್ವವನ್ನು ದಿನಕ್ಕೆ ಮೂರು ಹನಿ ನಾಲಿಗೆಗೆ ಬಿಟ್ಟುಕೊಂಡು ಹುಲ್ಲುಸೊಪ್ಪು ತಿಂದು ಅರಗಿಸಿಕೊಳ್ಳುವುದು ಊರಿಗೆಲ್ಲ ರೂಢಿಯಾಗಿತ್ತು. ಓಲಗದ ಗಂಗಹನುಮಯ್ಯನಿಗೆ ಮಾತ್ರ ಅದೊಂದು ತೊಡಕು. ವಾದ್ಯದ ತುದಿಗೆ ಸಿಕ್ಕಿಸುವ ಜೊಂಡಿನ ಪೀಪಿಯೂ ಹುಲ್ಲೇ ಆದ್ದರಿಂದ, ಹನಿ ಬಿದ್ದ ಬಾಯಲ್ಲಿ ಬೇಗ ಕರಗಿಹೋಗುತ್ತಿತ್ತು. ಪ್ಲಾಸ್ಟಿಕ್ ಪೀಪಿಯಲ್ಲಿ ಓಲಗಕ್ಕೆ ಜೀವವಿರುತ್ತಿರಲಿಲ್ಲ. ಆದ್ದರಿಂದ ಮೊಮ್ಮಗಳ ಮದುವೆಗೆಂದು ಐದು ದಿನದಿಂದ ಅವನು ಹನಿ ಮುಟ್ಟದೆ, ಹನಿಯಿಲ್ಲದೆ ಹುಲ್ಲೂ ಅರಗದೆ, ಬರಿಯ ನೀರು ಕುಡಿದುಕೊಂಡಿದ್ದ.

ಮುಹೂರ್ತ ಹತ್ತಿರವಾದಾಗ ಗೋಡೆಗೊರಗಿ ಕುಳಿತೇ ಪೀಪಿಯನ್ನು ತುಟಿಗಿಟ್ಟು ನೆನೆಸಿದ. ಅದು ಸಿಹಿಯಾಗತೊಡಗಿತು. ಕರಗುವ ಹುಲ್ಲಿಗೆ ಮಾತ್ರ ಇರುವ ಸಿಹಿ ಅದು.

ಅವನು ಹೆಂಡತಿ ಹನುಮಕ್ಕನತ್ತ ನೋಡಿದ.

“ಬೆಳಿಗ್ಗೆ ನಿನ್ನ ನೀರಿಗೆ ಹನಿ ಹಾಕ್ದೆ ಕಣಯ್ಯ,” ಎಂದಳು ಅವಳು. “ನಿಂತ್ಕಳಕ್ಕೂ ಆಗ್ತಿರ್ಲಿಲ್ಲ ನಿಂಗೆ.”

“ಹಾಕ್ದೋಳು ಹೇಳ್ಬಾರ್ದಾ?”

“ಹೇಳಿದ್ರೆ ಕುಡೀತಿದ್ದಾ? ಪೀಪಿ ನಾಳಿಕ್ಕೂ ಮಾಡ್ಕಬೋದು. ನಿನ್ನ ಎಲ್ಲಿಂದ ತರ್ಲಿ?”

ಅಷ್ಟರಲ್ಲಿ ಪುರೋಹಿತರು ಗಟ್ಟಿಮೇಳಕ್ಕೆ ಕೈಯೆತ್ತಿದರು. ಜಗಳವಾಡುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಅವನು ಊದಿದ. ತುಂಬಿ ಬಂದ ಸ್ವರ, ಪೀಪಿ ಮೆತ್ತಗಾದಂತೆ ತೆಳುವಾಗುತ್ತ, ತಾಳಿಯ ಎರಡನೆಯ ಗಂಟಿನವರೆಗೂ ಹೇಗೋ ನಿಂತು, ಮೂರನೆಯದಕ್ಕೆ ಬರಿಯ ಉಸಿರಾಯಿತು. ಡೋಲಿನ ಅಬ್ಬರದಲ್ಲಿ ಯಾರೂ ಗಮನಿಸಲಿಲ್ಲ, ಅಕ್ಷತೆ ಬಿತ್ತು.

ಬಾಯಲ್ಲಿ ಉಳಿದ ಪೀಪಿಯ ಚೂರನ್ನು ಉಗುಳಬೇಕೆಂದುಕೊಂಡ. ಐದು ದಿನದ ಹಸಿವು ಅವನನ್ನು ಕೇಳದೆ ಅದನ್ನು ನುಂಗಿಬಿಟ್ಟಿತು.